"ಡಿಮ್ ಮಾಡಿದ್ನಲ್ಲೇ ಮಾರಾಯ್ತಿ!"

ಕಳೆದ ದಸರಾ ರಜೆಯಲ್ಲಿ ನಾನು ಒಬ್ಬ ಡ್ರೈವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಕೊಪ್ಪದಿಂದ ಮನೆಗೆ ಸ್ಕೂಟಿಯಲ್ಲಿ ಬರ್ತಿದ್ದೆ. ಸಂಜೆ ಏಳೂವರೆ ಇರಬೇಕು, ಹನಿ ಮಳೆ, ಹೆಲ್ಮೆಟ್ ಗ್ಲಾಸಿನ ಮೇಲೆಲ್ಲ ನೀರಿನ ಚುಕ್ಕಿ. ನಮ್ಮನೆ ಕ್ರಾಸಿಗೆ ಎರಡು ತಿರುವು ಬಾಕಿ ಇರುವಾಗ ಎದುರಿಂದ ಒಂದು ಗಾಡಿ ಬಂತು. ಗಾಡಿ ಬಂತು ಅನ್ನೋದಕ್ಕಿಂತ ಎರಡು ಬಿಳೀ ಸೂರ್ಯ ಬಂದವು ಅನ್ನಬೇಕು. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಒಂದೂ ಗೊತ್ತಾಗ್ಲಿಲ್ಲ. ಬ್ರೇಕ್ ಹಿಡಿದೆ, ಎಡಗಾಲು ನೆಲಕ್ಕೆ ಊರಿದೆ. ಊರಿದ್ದು ನೆಲ ಅಲ್ಲ, ಚರಂಡಿ. ಸ್ಕೂಟಿ ಮೆಲ್ಲಗೆ ವಾಲಿ ನನ್ನ ಮೇಲೇ ಮಲಗಿತು. ಪುಣ್ಯಕ್ಕೆ ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬಿದ್ದಲ್ಲಿಂದಲೇ "ಹೈ ಬೀಮ್ ಹಾಕ್ಕೊಂಡು ಬರ್ತೀರಲ್ರೀ, ಕಣ್ಣು ಕಾಣಲ್ವಾ?" ಅಂತ ಕೂಗಿದೆ.

ಗಾಡಿ ನಿಂತಿತು. ಇಳಿದು ಓಡಿ ಬಂದವರು ನನ್ನಪ್ಪ.

ನನ್ನನ್ನು ಎಬ್ಬಿಸಿ, ಸ್ಕೂಟಿ ಎತ್ತಿ ನಿಲ್ಲಿಸಿ, ಕಾಲು ನೋಡಿ, ಆಮೇಲೆ ಅವರು ಹೇಳಿದ ಮೊದಲ ಮಾತು: "ಡಿಮ್ ಮಾಡಿದ್ನಲ್ಲೇ ಮಾರಾಯ್ತಿ! ನೀ ಕಂಡ ಕೂಡಲೇ ಡಿಮ್ ಮಾಡಿದೆ."

ಅವರು ಸುಳ್ಳು ಹೇಳ್ತಿರಲಿಲ್ಲ. ನಿಜವಾಗಿಯೂ ಡಿಮ್ ಮಾಡಿದ್ದರು. ಅದಾಗಿಯೂ ನನಗೆ ಕಣ್ಣು ಕತ್ತಲೆ ಬಂದಿತ್ತು. ಯಾಕಂದ್ರೆ ಆ ಜೀಪಿಗೆ ಎರಡು ದಿನದ ಹಿಂದೆ ಎಲ್‌ಇಡಿ ಬಲ್ಬ್ ಹಾಕಿಕೊಟ್ಟಿದ್ದು ನಾನೇ. ಎಲೆಕ್ಟ್ರಿಕಲ್ ಮೂರನೇ ವರ್ಷ ಓದುವ ಮಗಳು ಅಪ್ಪನಿಗೆ ಕೊಟ್ಟ ದಸರಾ ಗಿಫ್ಟ್.

ನಮ್ಮ ಕ್ಯಾಂಪಸ್ಸಿನಲ್ಲಿ ಬುಲೆಟ್ಟಿಗೆ, ಹಳೇ ಜೀಪಿಗೆ, ಅಣ್ಣನ ಕಾರಿಗೆ ಇದೇ ಕೆಲಸ ಮಾಡಿದವರು, ಮಾಡಬೇಕು ಅಂತಿರುವವರು ಬಹಳ ಜನ ಇದ್ದೀರಿ. ನನ್ನ ವಾದ ಇಷ್ಟೇ: ಹಳೇ ಗಾಡಿಯ ಹೆಡ್‌ಲೈಟ್ ಸುಧಾರಿಸಿ, ಖಂಡಿತ ಸುಧಾರಿಸಿ. ಆದರೆ ಹಳೇ ಗ್ಲಾಸಿನೊಳಗೆ ಎಲ್‌ಇಡಿ ಬಲ್ಬ್ ತುರುಕುವುದನ್ನು ಅಪ್‌ಗ್ರೇಡ್ ಅಂತ ಕರೆಯಬೇಡಿ. ಎಂಜಿನಿಯರಿಂಗ್ ಓದುವವರಂತೂ ಕರೆಯಲೇಬಾರದು.

ಮೊದಲು ಗಾಡಿಯ ಕಥೆ

ನಮ್ಮನೆಯದು 1994ರ ಎಂಎಂ 540 ಜೀಪು. ಅಡಿಕೆ ಮೂಟೆ, ಗೊಬ್ಬರದ ಚೀಲ, ಮದುವೆ ಮನೆಯ ಪಾತ್ರೆ ಎಲ್ಲ ಹೊತ್ತಿದೆ. ಮಳೆಗಾಲದ ರಾತ್ರಿ ಪಕ್ಕದ ಮನೆಯವರಿಗೆ ಎದೆನೋವು ಬಂದರೆ ಆಂಬುಲೆನ್ಸೂ ಅದೇ. ಮಲೆನಾಡಿನಲ್ಲಿ ಜೀಪು ಶೋಕಿಯ ಗಾಡಿ ಅಲ್ಲ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಅದರ ಹೆಡ್‌ಲೈಟು 7 ಇಂಚಿನ ದುಂಡು ಲೈಟು. ಈ ಅಳತೆಗೆ ದೊಡ್ಡ ಇತಿಹಾಸವೇ ಇದೆ. 1940ರಿಂದ ಅಮೆರಿಕದ ಗಾಡಿಗಳಿಗೆ 7 ಇಂಚಿನ ಸೀಲ್ಡ್ ಬೀಮ್ ಮಾಮೂಲಾಯಿತು. ಗ್ಲಾಸು, ರಿಫ್ಲೆಕ್ಟರು, ಫಿಲಮೆಂಟು ಎಲ್ಲ ಒಂದೇ ಮುಚ್ಚಿದ ಡಬ್ಬಿ. ಕೆಟ್ಟರೆ ಇಡೀ ಡಬ್ಬಿ ಬದಲಿಸಬೇಕು. ಆಮೇಲೆ ಬಲ್ಬ್ ಮಾತ್ರ ಬದಲಿಸಬಹುದಾದ ಎಚ್4 ಹ್ಯಾಲೊಜೆನ್ ಬಂತು: ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ನಮ್ಮ ಜೀಪಿನಲ್ಲೂ ಎಷ್ಟೋ ವರ್ಷದಿಂದ ಎಚ್4 ಇತ್ತು. ಆದರೆ ಬೆಳಕು ಮಾತ್ರ ದೀಪಾವಳಿ ಹಣತೆಯ ಬಣ್ಣದ್ದು. "ಲೈಟ್ ಹಾಕಿದೀವಾ ಇಲ್ವಾ ಅಂತ ಇಳಿದು ನೋಡಬೇಕು" ಅಂತ ಅಪ್ಪ ತಮಾಷೆ ಮಾಡ್ತಿದ್ದರು. ತಮಾಷೆಯ ಹಿಂದೆ ಭಯ ಇತ್ತು. ಅವರಿಗೀಗ 58 ವರ್ಷ, ರಾತ್ರಿ ಓಡಿಸುವುದು ಕಷ್ಟ ಆಗ್ತಿತ್ತು.

ಅದಕ್ಕೇ ನಾನು ಆನ್‌ಲೈನಿನಲ್ಲಿ ಎಲ್‌ಇಡಿ ಬಲ್ಬ್ ತರಿಸಿದೆ. ಡಬ್ಬದ ಮೇಲೆ "20,000 ಲ್ಯೂಮೆನ್, 6000 ಕೆಲ್ವಿನ್" ಅಂತ ಇತ್ತು. ಹಳೇ ಬಲ್ಬ್ ತೆಗೆದು ಹೊಸದು ಸಿಕ್ಕಿಸಲು ಹತ್ತು ನಿಮಿಷ. ಗೋಡೆಯ ಮೇಲೆ ಬಿಳೀ ಬೆಳಕು ಬಿದ್ದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಅಪ್ಪ ಮಾತ್ರ ಆ ರಾತ್ರಿ ಒಂದು ರೌಂಡ್ ಹೋಗಿ ಬಂದು, "ಹತ್ತಿರ ಹಗಲು, ದೂರ ಅಮಾಸೆ" ಅಂದರು. ವಯಸ್ಸಾದವರಿಗೆ ಹೊಸದು ಹಿಡಿಸಲ್ಲ ಅಂದುಕೊಂಡೆ. ನಾನು ಬಿದ್ದ ಮೇಲೆ ಅವರ ಮಾತು ಪದಕ್ಕೆ ಪದ ಸರಿ ಅಂತ ಗೊತ್ತಾಯಿತು.

ಒಂದು ಮಿಲಿಮೀಟರಿನ ಲೆಕ್ಕ

ಪಿಯುಸಿಯಲ್ಲಿ ಪ್ಯಾರಾಬೊಲಾ ಓದಿದ್ದು ನೆನಪಿದೆಯಾ? ಫೋಕಸ್ಸಿನಲ್ಲಿ ಬೆಳಕಿಟ್ಟರೆ ಕಿರಣಗಳು ಸಮಾನಾಂತರವಾಗಿ ಹೊರಗೆ ಹೋಗ್ತವೆ. ಹೆಡ್‌ಲೈಟಿನ ಇಡೀ ಜೀವ ಇರೋದು ಅಲ್ಲೇ.

ಎಚ್4 ಬಲ್ಬಿನೊಳಗೆ ಎರಡು ಫಿಲಮೆಂಟ್ ಇರ್ತವೆ. ಹೈ ಬೀಮಿನದು ಫೋಕಸ್ಸಿನ ಬಳಿ. ಲೋ ಬೀಮಿನದು ಅದಕ್ಕಿಂತ ಸ್ವಲ್ಪ ಮುಂದೆ, ಅದರ ಕೆಳಗೊಂದು ಪುಟ್ಟ ಲೋಹದ ಬಟ್ಟಲು. ಈ ಬಟ್ಟಲು ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂತೆ ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ಪ್ರತಿಫಲಿಸಿ ರಸ್ತೆಯ ಕಡೆಗೆ ಬಾಗುತ್ತದೆ. ಕೆಳಭಾಗಕ್ಕೂ ಬಿದ್ದಿದ್ದರೆ ಅದು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗ್ತಿತ್ತು. ಅಂದರೆ ಡಿಮ್ ಅನ್ನೋದು ಬರೀ ಬೆಳಕು ಕಮ್ಮಿ ಮಾಡುವ ಕೆಲಸ ಅಲ್ಲ, ಬೆಳಕನ್ನು ಕತ್ತರಿಸುವ ಕೆಲಸ. ಗೋಡೆಗೆ ಬಿಟ್ಟರೆ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಗೆರೆ ಕಾಣಬೇಕು. ಅದನ್ನೇ ಕಟ್-ಆಫ್ ಅನ್ನೋದು.

ಎಲ್‌ಇಡಿ ಬಲ್ಬಿನಲ್ಲಿ ಫಿಲಮೆಂಟಿನ ಜಾಗದಲ್ಲಿ ಒಂದು ಪಟ್ಟಿ, ಅದರ ಎರಡು ಪಕ್ಕಕ್ಕೆ ಚಿಪ್‌ಗಳು. ಸುರುಳಿಯಾದ ಫಿಲಮೆಂಟ್ ಸುತ್ತಲೂ ಬೆಳಕು ಚೆಲ್ಲುತ್ತದೆ. ಚಿಪ್ ತನ್ನ ಮುಖದ ಕಡೆಗೆ ಮಾತ್ರ. ಪಟ್ಟಿಯ ದಪ್ಪದಿಂದಾಗಿ ಚಿಪ್ ಸರಿಯಾದ ಜಾಗದಿಂದ ಸ್ವಲ್ಪ ಆಚೀಚೆ ಇರುತ್ತದೆ. ಸ್ವಲ್ಪ ಅಂದರೆ ಎಷ್ಟು? ಲೆಕ್ಕಕ್ಕೆ ರಿಫ್ಲೆಕ್ಟರಿನ ಫೋಕಲ್ ಲೆಂಗ್ತ್ 25 ಮಿಲಿಮೀಟರ್ ಅಂತ ಹಿಡಿಯಿರಿ. ಬೆಳಕಿನ ಮೂಲ 1 ಮಿಲಿಮೀಟರ್ ಸರಿದರೆ ಕಿರಣದ ಕೋನ 1/25 ರೇಡಿಯನ್, ಅಂದರೆ 2.3 ಡಿಗ್ರಿಯಷ್ಟು ಬದಲಾಗುತ್ತದೆ. 25 ಮೀಟರ್ ದೂರದಲ್ಲಿ ಅದು ಪೂರ್ತಿ 1 ಮೀಟರ್! ಜೀಪಿನ ಬಾನೆಟ್ಟಿನ ಎತ್ತರದಿಂದ 1 ಮೀಟರ್ ಮೇಲೆ ಹೋದರೆ ಏನಿರುತ್ತೆ ಹೇಳಿ? ಎದುರಿಗೆ ಬರುವವರ ಮುಖ. ನನ್ನ ಮುಖ.

ಅಪ್ಪ ಎಡಗಾಲಿನಿಂದ ಡಿಮ್ಮರ್ ಒತ್ತಿದರು. ಹಳೇ ಜೀಪುಗಳಲ್ಲಿ ಡಿಮ್ಮರ್ ಸ್ವಿಚ್ ಇರೋದು ಕಾಲಿನ ಹತ್ತಿರ, ನೆಲದಲ್ಲಿ. ಕರೆಂಟು ಲೋ ಬೀಮ್ ಚಿಪ್‌ಗೆ ಬದಲಾಯಿತು. ಆದರೆ ಕತ್ತರಿಸಬೇಕಾದ ಬೆಳಕು ಕತ್ತರಿಸಲಿಲ್ಲ. ಮೂವತ್ತು ವರ್ಷದಿಂದ ಪಾಲಿಸಿದ ಒಂದು ಮರ್ಯಾದೆಯನ್ನು ನನ್ನ ಬಲ್ಬು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದ ಹಾಗೆ ಮಾಡಿತ್ತು, ಅದೂ ಅವರಿಗೇ ಗೊತ್ತಾಗದಂತೆ. ನನಗೆ ಮೊಣಕಾಲಿಗಿಂತ ಜಾಸ್ತಿ ಉರಿದದ್ದು ಇದು.

"ಹತ್ತಿರ ಹಗಲು, ದೂರ ಅಮಾಸೆ"ಗೂ ಕಾರಣ ಇದೇ. ಚೆದುರಿದ ಬೆಳಕು ಗಾಡಿಯ ಮುಂದೆಯೇ ಚೆಲ್ಲಿ ಹೋಗುತ್ತದೆ. ಕಣ್ಣು ಆ ಹತ್ತಿರದ ಬೆಳಕಿಗೆ ಹೊಂದಿಕೊಳ್ಳುತ್ತದೆ, ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ವಯಸ್ಸಾದಂತೆ ಕಣ್ಣಿನ ಲೆನ್ಸ್ ಬೆಳಕನ್ನು ಹೆಚ್ಚು ಚೆದುರಿಸುತ್ತದೆ, ಹಾಗಾಗಿ ಅವರಿಗೆ ತೊಂದರೆ ಡಬಲ್.

ಇನ್ನು ಆ 20,000 ಲ್ಯೂಮೆನ್. ವಾಪಸ್ ಬಂದ ಮೇಲೆ ಲ್ಯಾಬಿನಲ್ಲಿ ಒಂದು ಬಲ್ಬನ್ನು ಪವರ್ ಸಪ್ಲೈಗೆ ಹಾಕಿ ನೋಡಿದೆ: 12.5 ವೋಲ್ಟಿಗೆ 2 ಆಂಪಿಯರ್, ಅಂದರೆ 25 ವ್ಯಾಟ್. ಒಂದು ವ್ಯಾಟಿಗೆ 100 ಲ್ಯೂಮೆನ್ ಅಂತ ಧಾರಾಳವಾಗಿ ಕೊಟ್ಟರೂ 2,500. ಡಬ್ಬದ ಮೇಲಿನ ಸಂಖ್ಯೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಓಮ್ಸ್ ಲಾ ಗೊತ್ತಿದ್ದೂ ನಾನು ಕೊಳ್ಳುವ ಮೊದಲು ಈ ಲೆಕ್ಕ ಹಾಕಲಿಲ್ಲ, ಅದಕ್ಕೆ ನಾಚಿಕೆ ಇದೆ.

ಅಸಲಿ ಕಾಯಿಲೆ ಬೇರೆ ಕಡೆ ಇತ್ತು

ಮರುದಿನ ಹಳೇ ಹ್ಯಾಲೊಜೆನ್ ಬಲ್ಬ್ ವಾಪಸ್ ಹಾಕಿಕೊಂಡು ಕೊಪ್ಪದ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಹೋದೆವು. ಅವರು ಏನೂ ಮಾತಾಡದೆ ನನ್ನ ಕೈಗೆ ಮಲ್ಟಿಮೀಟರ್ ಕೊಟ್ಟು "ಬ್ಯಾಟರಿ ಮೇಲೆ ನೋಡು, ಆಮೇಲೆ ಹೋಲ್ಡರಿನಲ್ಲಿ ನೋಡು" ಅಂದರು. ಎಂಜಿನ್ ಸ್ಟಾರ್ಟ್, ಲೈಟ್ ಆನ್. ಬ್ಯಾಟರಿಯಲ್ಲಿ 13.4 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 11.4.

ಎರಡು ವೋಲ್ಟ್ ಎಲ್ಲಿ ಹೋಯಿತು? ಹಳೇ ಜೀಪಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಕಾಲಿನ ಡಿಮ್ಮರಿಗೆ ಹೋಗಿ, ಮತ್ತೆ ಮುಂದಕ್ಕೆ ಬರುತ್ತದೆ. ಮೂವತ್ತು ವರ್ಷದ ವೈರು, ಕಿಲುಬು ಹಿಡಿದ ಟರ್ಮಿನಲ್ಲು, ಕೆಸರು ಮೆತ್ತಿದ ಡಿಮ್ಮರು, ತುಕ್ಕು ಹಿಡಿದ ಅರ್ಥಿಂಗು. ದಾರಿಯಲ್ಲಿ ಒಬ್ಬೊಬ್ಬರೂ ಸುಂಕ ವಸೂಲಿ ಮಾಡಿದ್ದಾರೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಇಳಿಯಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. 11.4 ಭಾಗಿಸು 13.4, ಅಂದರೆ 0.85, ಅದರ 3.4ನೇ ಘಾತ 0.58. ಶೇಕಡಾ 42ರಷ್ಟು ಬೆಳಕು ವೈರಿನಲ್ಲೇ ಮಾಯ. ಹಣತೆಯ ಬಣ್ಣದ ಗುಟ್ಟು ಇದು. ತಪ್ಪು ಬಲ್ಬಿನದಲ್ಲವೇ ಅಲ್ಲ.

ಎರಡು ರಿಲೇ, ಒಂದು ಫ್ಯೂಸು, ಬ್ಯಾಟರಿಯಿಂದ ನೇರ ದಪ್ಪ ವೈರು, ಚಾಸಿಗೆ ಕೆರೆದು ಬಿಗಿಮಾಡಿದ ಹೊಸ ಅರ್ಥಿಂಗು. ಹಳೇ ಸ್ವಿಚ್ಚುಗಳು ಈಗ ರಿಲೇಗೆ ಸನ್ನೆ ಮಾಡುತ್ತವೆ ಅಷ್ಟೇ, ಭಾರ ಹೊರುವುದಿಲ್ಲ. ಸಾಮಾನಿಗೆ 900 ರೂಪಾಯಿ. ಮಜೂರಿ ಬೇಡ ಅಂದ ಅಣ್ಣ ಒಂದು ಕಾಫಿ ಕುಡಿದರು. ಹೋಲ್ಡರಿನಲ್ಲಿ ಈಗ 13.1 ವೋಲ್ಟ್. ಮಂಕಾದ ಗ್ಲಾಸು, ರಿಫ್ಲೆಕ್ಟರನ್ನೂ ಬದಲಿಸಿ, ಹೊಸ ಎಚ್4 ಬಲ್ಬ್ ಹಾಕಿ, ಗೋಡೆಗೆ ಬಿಟ್ಟು ಅಡ್ಜಸ್ಟ್ ಮಾಡಿದೆವು. ಆ ರಾತ್ರಿ ರೌಂಡ್ ಹೋಗಿ ಬಂದ ಅಪ್ಪ ಅಂದದ್ದು: "ಇದಪ್ಪ ಲೈಟು. ಮೊದಲೇ ಮಾಡಬಾರದಿತ್ತಾ?"

ಹಾಗಾದರೆ ಎಲ್‌ಇಡಿ ಬೇಡವಾ?

ಬೇಕು. ನಾನು ಎಲ್‌ಇಡಿ ವಿರೋಧಿ ಅಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಕೊಟ್ಟಿದ್ದು ಸುಮ್ಮನೆ ಅಲ್ಲ. ಅರ್ಧಕ್ಕಿಂತ ಕಮ್ಮಿ ಕರೆಂಟು, ಹೆಚ್ಚು ಬಾಳಿಕೆ. ಸಣ್ಣ ಆಲ್ಟರ್ನೇಟರಿನ ಹಳೇ ಜೀಪಿಗೆ ಇದು ನಿಜಕ್ಕೂ ವರ. ಆದರೆ ಹಾಕುವುದಾದರೆ ಚಿಪ್ಪಿಗಾಗಿಯೇ ವಿನ್ಯಾಸ ಮಾಡಿದ ಲೆನ್ಸ್, ರಿಫ್ಲೆಕ್ಟರ್ ಸಮೇತ ಪೂರ್ತಿ 7 ಇಂಚಿನ ಯೂನಿಟ್ ಹಾಕಬೇಕು. ಕೊಳ್ಳುವಾಗ ನೋಡಬೇಕಾದ್ದು ಇಷ್ಟು:

ಒಂದು, ಕಟ್-ಆಫ್ ಎಡಗಡೆಗೆ ಏರಬೇಕು. ನಾವು ರಸ್ತೆಯ ಎಡಗಡೆ ಓಡಿಸುವವರು. ಹಾಗಾಗಿ ಲೋ ಬೀಮಿನ ಬೆಳಕು ಎಡ ಅಂಚಿನಲ್ಲಿ ಸ್ವಲ್ಪ ಮೇಲೇರಿ ನಡೆದು ಹೋಗುವವರನ್ನು ತೋರಿಸಬೇಕು, ಬಲಗಡೆ ತಗ್ಗಿರಬೇಕು. ಅಮೆರಿಕದ ರ‍್ಯಾಂಗ್ಲರ್ ಜೀಪಿಗೆ ಅಂತ ಮಾಡಿದ 7 ಇಂಚಿನ ಲೈಟು ನಮ್ಮ ಜೀಪಿಗೂ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಅಲ್ಲಿಯವರು ಬಲಗಡೆ ಓಡಿಸುವವರು. ಅಲ್ಲಿಗೆಂದು ಮಾಡಿದ್ದು ಇಲ್ಲಿ ಎದುರಿನವರ ಕಣ್ಣಿಗೇ ಗುರಿ ಇಡುತ್ತದೆ.

ಎರಡು, ಬಣ್ಣ. ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್. 6000ದ ನೀಲಿ ಛಾಯೆಯ ಬಿಳುಪು ಫೋಟೋಗೆ ಚೆಂದ, ಎದುರಿನ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಇಲ್ಲೊಂದು ಹಾಸ್ಟೆಲ್ ವಾದವನ್ನೂ ಮುಗಿಸಿಬಿಡೋಣ: "ಹಳದಿ ಬೆಳಕು ಮಂಜನ್ನು ಸೀಳುತ್ತೆ, ರೇಲೀ ಸ್ಕ್ಯಾಟರಿಂಗ್ ಮಗಾ." ಇಲ್ಲ. ರೇಲೀ ನಿಯಮ ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣ ಕಣಗಳಿಗೆ. ಮಂಜಿನ ಹನಿ ಮೈಕ್ರಾನುಗಳ ಲೆಕ್ಕದ್ದು, ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚೆದುರಿಸುತ್ತದೆ. ಮಂಜಿನಲ್ಲಿ ಕೆಲಸಕ್ಕೆ ಬರೋದು ಬೆಳಕಿನ ಬಣ್ಣಕ್ಕಿಂತ ಅದರ ಜಾಗ: ಕೆಳಗೆ ಕೂರಿಸಿದ, ಮೇಲಕ್ಕೆ ಚೆಲ್ಲದ ಲೈಟು.

ಮೂರು, ಬಿಸಿ. ಎಲ್‌ಇಡಿ ಬಿಸಿ ಹಿಂದಕ್ಕೆ ಬರುತ್ತದೆ, ಹೀಟ್‌ಸಿಂಕ್ ದಪ್ಪಗಿರಬೇಕು. ಫ್ಯಾನ್ ಇರುವ ಬಲ್ಬುಗಳಿಗೆ ಜೀಪಿನ ಧೂಳು, ಕೆಸರಿನಲ್ಲಿ ಆಯಸ್ಸು ಕಮ್ಮಿ. ಹ್ಯಾಲೊಜೆನ್ ಶಾಖ ಗ್ಲಾಸಿನ ಒಳಗೆ ಕಟ್ಟಿದ ತೇವವನ್ನು ಒಣಗಿಸುತ್ತಿತ್ತು. ಎಲ್‌ಇಡಿ ಅದನ್ನು ಅಷ್ಟಾಗಿ ಮಾಡಲ್ಲ, ಆದ್ದರಿಂದ ಸೀಲಿಂಗ್ ಗಟ್ಟಿಯಿರಬೇಕು. ಮಲೆನಾಡಿನ ಜುಲೈ ಯಾರನ್ನೂ ಬಿಡಲ್ಲ.

ನಾಲ್ಕು, ವೈರಿಂಗ್. ಕೊಳೆತ ವೈರಿಗೆ ಹೊಸ ಲೈಟು ಹಾಕಿದರೆ ಅರ್ಥಿಂಗ್ ಲೂಸಾದ ದಿನ ಪೂರ್ತಿ ಕತ್ತಲು. ಮೊದಲು ವೈರು, ಆಮೇಲೆ ಲೈಟು.

ಇಂಥ ಒಳ್ಳೇ ಯೂನಿಟ್ಟಿಗೆ ದುಡ್ಡು ಜಾಸ್ತಿ. ನಾನಿನ್ನೂ ಕೂಡಿಡ್ತಾ ಇದ್ದೀನಿ.

ನೀವು ಹೇಳುವ ಮಾತುಗಳು

"ಎದುರಿನವರೆಲ್ಲ ಹಾಕ್ಕೊಂಡಿದ್ದಾರೆ, ನಾನೊಬ್ಬ ಹಾಕದಿದ್ದರೆ ನನಗೇ ನಷ್ಟ." ಈ ಮಾತಿನಲ್ಲಿ ಸತ್ಯ ಇದೆ. ಆದರೆ ಕಣ್ಣು ಕೋರೈಸಿದ ಇಬ್ಬರು ಡ್ರೈವರುಗಳು ಒಂದೇ ತಿರುವಿನಲ್ಲಿ ಇರೋದು ಇಬ್ಬರಿಗೂ ಸುರಕ್ಷಿತ ಹೇಗಾಗುತ್ತೆ? ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಕಾಣದಿದ್ದರೆ 33 ಮೀಟರ್. ನಮ್ಮ ಘಾಟಿಯಲ್ಲಿ 33 ಮೀಟರಿಗೊಂದು ತಿರುವೇ ಇರುತ್ತದೆ. ನೀವು ಕುರುಡು ಮಾಡಿದ ಲಾರಿ ಬರ್ತಿರೋದು ನಿಮ್ಮ ಕಡೆಗೇ.

"ಕಾಡುಕೋಣ, ಹಂದಿ ಅಡ್ಡ ಬಂದರೆ ಕಾಣಬೇಕಲ್ಲ?" ಖಂಡಿತ ಕಾಣಬೇಕು. ಅದಕ್ಕೆ ಒಳ್ಳೆಯ ಹೈ ಬೀಮ್ ಇದೆ. ಕಾಡುದಾರಿಗೆ ಬೇರೆ ಲೈಟ್ ಬೇಕಿದ್ದರೆ ಬೇರೆ ಸ್ವಿಚ್ಚಿನಲ್ಲಿ ಹಾಕಿಸಿ, ಊರ ರಸ್ತೆಗೆ ಬಂದ ಕೂಡಲೇ ಕವರ್ ಮುಚ್ಚಿ. ಲೋ ಬೀಮಿನ ಕೆಲಸ ಬೇರೆ. ನಮ್ಮ ಬಾಹಾ ಟೀಮಿನ ಹುಡುಗರಿಗೂ ಇದನ್ನೇ ಹೇಳಿದ್ದೆ: ಟ್ರ್ಯಾಕಿನಲ್ಲಿ ಎದುರಿಂದ ಯಾರೂ ಬರಲ್ಲ, ರಸ್ತೆಯಲ್ಲಿ ಬರ್ತಾರೆ.

"ಕಂಪನಿಯವರೇ ಈಗ ಎಲ್‌ಇಡಿ ಕೊಡ್ತಾರಲ್ಲ?" ಹೌದು, ಆ ಚಿಪ್ಪಿಗೆ ತಕ್ಕ ಲೆನ್ಸ್ ಮಾಡಿ, ಟೆಸ್ಟ್ ಮಾಡಿ ಕೊಡ್ತಾರೆ. ಬಲ್ಬ್ ಮಾತ್ರ ಬದಲಿಸುವುದು ಅಸಾಧ್ಯ ಅಂತಲೂ ನಾನು ಹೇಳಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಇದೆ. ಆದರೆ ಯಾವ ಬಲ್ಬು, ಯಾವ ಕಾರಿನ ಯಾವ ಹೆಡ್‌ಲೈಟಿಗೆ ಅಂತ ಪರೀಕ್ಷೆ ಮಾಡಿ ಪಟ್ಟಿ ಕೊಟ್ಟ ಮೇಲೆ. ನಾನು ತರಿಸಿದ ಡಬ್ಬದ ಮೇಲೆ "ಎಲ್ಲ ಗಾಡಿಗೂ ಹೊಂದುತ್ತದೆ" ಅಂತ ಇತ್ತು. ಆಗಲೇ ಅನುಮಾನ ಬರಬೇಕಿತ್ತು.

ಕಾನೂನಿನ ಮಾತೂ ಒಂದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದೆ: ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಲೈಟು ಕುಕ್ಕಬಾರದು, ಅಥವಾ ಕುಕ್ಕದ ಹಾಗೆ ಡ್ರೈವರ್ ಕೂತಲ್ಲಿಂದಲೇ ಬೆಳಕು ತಗ್ಗಿಸುವಂತಿರಬೇಕು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನ ಗಾಡಿಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನೇ ಮಾಡಿದರು. ಆದರೆ ನನಗೆ ಹಿಡಿಸಿದ್ದು ದಂಡ ಅಲ್ಲ, ಆ ನಿಯಮದ ಭಾಷೆ. ಅಲ್ಲಿ ವ್ಯಾಟ್ ಇಲ್ಲ, ಲ್ಯೂಮೆನ್ ಇಲ್ಲ. ಅಳೆಯುವ ಜಾಗ ಎದುರಿನ ಮನುಷ್ಯನ ಕಣ್ಣು. ನಾನು ನಮ್ಮನೆ ಅಂಗಳದಲ್ಲಿ ಜೀಪಿನ ಹಿಂದೆ ನಿಂತು ಗೋಡೆ ನೋಡಿ ಖುಷಿಪಟ್ಟೆ. ಹತ್ತು ಹೆಜ್ಜೆ ನಡೆದು ಲೈಟಿನ ಮುಂದೆ ನಿಂತು ಡಿಮ್ ಮಾಡಿಸಿ ನೋಡಿದ್ದರೆ ಅಲ್ಲೇ ಗೊತ್ತಾಗ್ತಿತ್ತು. ಆ ಹತ್ತು ಹೆಜ್ಜೆ ನಡೆಯಲಿಲ್ಲ.

ಒಂದು ಪ್ರಸ್ತಾಪ

ಬರೀ ಬರೆದು ಬಿಡೋದು ಬೇಡ ಅಂತ ಒಂದು ಮಾತು. ವರ್ಕ್‌ಶಾಪ್ ಹಿಂದಿನ ಪಾರ್ಕಿಂಗಿನಲ್ಲಿ ಖಾಲಿ ಗೋಡೆ ಇದೆ, ನೆಲ ಸಮ ಇದೆ. ಗೋಡೆಯಿಂದ 10 ಮೀಟರ್ ದೂರಕ್ಕೆ ನೆಲದ ಮೇಲೊಂದು ಗೆರೆ ಹಾಕೋಣ. ಗಾಡಿಯನ್ನು ಅಲ್ಲಿ ನಿಲ್ಲಿಸಿ, ಹೆಡ್‌ಲೈಟಿನ ನಡುವಿನ ಎತ್ತರವನ್ನು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಲೋ ಬೀಮಿನ ಕಟ್-ಆಫ್ ಆ ಗುರುತಿಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು, ಅಂದರೆ ಶೇಕಡಾ 1ರಿಂದ 1.5 ಇಳಿಜಾರು. ಗೆರೆ ಮೇಲಿದ್ದರೆ ಸ್ಕ್ರೂಡ್ರೈವರಿನಿಂದ ಎರಡು ನಿಮಿಷದ ಕೆಲಸ. ಗೆರೆಯೇ ಕಾಣದೆ ಬೆಳಕೆಲ್ಲ ಚೆಲ್ಲಾಪಿಲ್ಲಿ ಆಗಿದ್ದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತ.

ಎಚ್‌ಒಡಿ ಹತ್ತಿರ ಪರ್ಮಿಷನ್ ನಾನು ಕೇಳ್ತೀನಿ. ಮಲ್ಟಿಮೀಟರ್ ನಮ್ಮ ಲ್ಯಾಬಿನಿಂದ ತರ್ತೀನಿ. ಕನ್ನಡ ಸಂಘದವರು ಚಹಾ ನೋಡಿಕೊಂಡರೆ ಸಾಕು. ಕತ್ತಲಾದ ಮೇಲೆ ಮಾಡಬೇಕಾದ ಕೆಲಸ, ಹಾಸ್ಟೆಲ್ ಹುಡುಗಿಯರಿಗೆ ಲೇಟ್ ಎಂಟ್ರಿ ಕೊಡಿಸುವ ಜವಾಬ್ದಾರಿಯೂ ಸಂಘದ್ದೇ.

ಅಪ್ಪ ಈಗಲೂ ಹಾಗೇ. ಎದುರಿನ ಗಾಡಿ ಇನ್ನೂ ತಿರುವಿನ ಆಚೆ ಇರುತ್ತದೆ, ಅದರ ಬೆಳಕು ಮರದ ಮೇಲೆ ಕಂಡರೆ ಸಾಕು, ಎಡಗಾಲು ತಾನಾಗಿ ಡಿಮ್ಮರಿನ ಮೇಲೆ ಹೋಗುತ್ತದೆ. ಮೊನ್ನೆ ಊರಿಗೆ ಹೋದಾಗ ಅವರ ಪಕ್ಕ ಕೂತಿದ್ದೆ. ಎದುರಿಂದ ಬಂದ ಪಿಕಪ್ಪಿನವರೂ ಡಿಮ್ ಮಾಡಿ, ದಾಟುವಾಗ ಕೈ ಎತ್ತಿ ಹೋದರು. ಅಪ್ಪ ನನ್ನ ಕಡೆ ತಿರುಗಿ, "ನೋಡಿದ್ಯಾ, ಈಗ ಗೊತ್ತಾಗುತ್ತೆ ಅವರಿಗೆ" ಅಂದರು.